ಗೂಡಿಗೂ ನೂಲಿಗೂ ನಡುವೆ ಉಳಿಯುವುದೆಷ್ಟು?

ಪ್ರಶ್ನೆ: ಸರ್, ನಮ್ಮ ತಂದೆ ರೀಲರ್, ರೇಷ್ಮೆ ಗೂಡಿನಿಂದ ನೂಲು ತೆಗೆಯುವವರು. ಮನೆ ಹಿಂದೆಯೇ ಕಾಟೇಜ್ ಬೇಸಿನ್ ಘಟಕ, ಅಂದರೆ ಬಿಸಿನೀರಿನ ತೊಟ್ಟಿಗಳಲ್ಲಿ ಗೂಡು ಹಾಕಿ ನೂಲು ತೆಗೆಯುವ ಚಿಕ್ಕ ಘಟಕ, ಇದೆ. ಬೆಳಗಿನಿಂದ ರಾತ್ರಿವರೆಗೆ ದುಡಿದರೂ ಉಳಿಯುವುದು ಅಷ್ಟಕ್ಕಷ್ಟೆ. ಅಂಗಡಿಯಲ್ಲಿ ರೇಷ್ಮೆ ಸೀರೆಯ ಬೆಲೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಸಾಲ ಮಾಡಿ ಆಟೋಮ್ಯಾಟಿಕ್ ರೀಲಿಂಗ್ ಯಂತ್ರ ಹಾಕೋಣ ಅಂತ ಅಣ್ಣ ಹಟ ಹಿಡಿದಿದ್ದಾನೆ. ನಾನು ಎಂ.ಕಾಂ. ಓದುತ್ತಿದ್ದೇನೆ, ಪೋರ್ಟರ್ ಅವರ ಐದು ಶಕ್ತಿಗಳ ಪಾಠ ಈಗಷ್ಟೇ ಮುಗಿಯಿತು. ಅದು ನಮ್ಮಂಥ ಕಸುಬಿಗೂ ಹೊಂದುತ್ತದೆಯೇ? ಯಂತ್ರ ಹಾಕಬಹುದೇ?
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಚೆನ್ನಾಗಿಯೇ ಹೊಂದುತ್ತದೆ. ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ 1979ರಲ್ಲಿ ಬರೆದದ್ದರ ತಿರುಳು ಇಷ್ಟು: ಒಂದು ಕಸುಬಿನಲ್ಲಿ ಹುಟ್ಟುವ ಲಾಭಕ್ಕೆ ಪಕ್ಕದ ಪೈಪೋಟಿದಾರನೊಬ್ಬನೇ ಕೈ ಹಾಕುವುದಿಲ್ಲ. ಕಚ್ಚಾಮಾಲು ಕೊಡುವವರು, ಸರಕು ಕೊಳ್ಳುವವರು, ನಾಳೆ ಹೊಸದಾಗಿ ಕಸುಬಿಗೆ ಇಳಿಯುವವರು, ಬದಲಿ ಸರಕು ಮಾಡುವವರು ಎಲ್ಲರೂ ಪಾಲು ಎಳೆಯುತ್ತಾರೆ. ಬ್ಯಾಂಕಿನಲ್ಲಿದ್ದಾಗ ರಾಮನಗರ, ಶಿಡ್ಲಘಟ್ಟದ ರೀಲರ್‌ಗಳ ಸಾಲದ ಅರ್ಜಿ ನನ್ನ ಮೇಜಿಗೇ ಬರುತ್ತಿದ್ದವು. ಯಂತ್ರದ ಬೆಲೆ, ದಿನಕ್ಕೆ ಎಷ್ಟು ಕಿಲೋ ನೂಲು, ಎಲ್ಲ ನೀಟಾಗಿ ಬರೆದಿರುತ್ತಿತ್ತು. ಒಂದು ಕಿಲೋ ನೂಲಿಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದನ್ನು ಮಾತ್ರ ನಾನೇ ಕೇಳಿ ಬರೆಸಿಕೊಳ್ಳಬೇಕಿತ್ತು.

ಅದನ್ನೇ ಮೊದಲು ನೋಡೋಣ. ಲೆಕ್ಕಕ್ಕೆ ಸುಲಭವಾಗಲಿ ಎಂದು ಗೂಡು ಕಿಲೋಗೆ 500 ರೂಪಾಯಿ, ನೂಲು 4,400 ರೂಪಾಯಿ ಅಂತ ಇಟ್ಟುಕೊಳ್ಳಿ. ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲಿಗೆ ಬೇಕಾಗುವ ಗೂಡು, ಏಳೂವರೆ ಕಿಲೋ ಇರಲಿ. ಗೂಡಿಗೇ 3,750 ಹೋಯಿತು, ಉಳಿದದ್ದು 650. ಕೂಲಿ, ಸೌದೆ, ಕರೆಂಟು, ಬಡ್ಡಿ ಎಲ್ಲ ಅದರಲ್ಲೇ ಆಗಬೇಕು. ಗೂಡು ಸ್ವಲ್ಪ ಜಾಳಾಗಿದ್ದು ರೆಂಡಿಟ್ಟಾ ಎಂಟಕ್ಕೆ ಹೋದರೆ ಉಳಿಯುವುದು 400. ಅದರ ಜೊತೆಗೆ ಹರಾಜಿನಲ್ಲಿ ಕಿಲೋಗೆ ಇಪ್ಪತ್ತು ರೂಪಾಯಿ ಏರಿಸಿ ಹಿಡಿದಿದ್ದರೆ 240. ಇಷ್ಟರಲ್ಲಿ ಕೂಲಿ, ಸೌದೆ ತೂಗಿಸುವುದೇ ಕಷ್ಟ. ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾ (ಗೂಡಿನೊಳಗಿನ ಹುಳು) ಮತ್ತು ವೇಸ್ಟು ಮಾರಿದ ಕಾಸಿನಿಂದ ಹೇಗೋ ಸರಿದೂಗಿಸುವ ಘಟಕಗಳು ಎಷ್ಟೋ ಇವೆ.

ಹಾಗಾಗಿ ನಿಮ್ಮ ಮನೆಯ ಲಾಭ ನಷ್ಟ ಬಹುಪಾಲು ತೀರ್ಮಾನವಾಗುವುದು ಬೇಸಿನ್ ಮುಂದೆ ಅಲ್ಲ, ಗೂಡಿನ ಮಾರುಕಟ್ಟೆಯಲ್ಲಿ. ಒಮ್ಮೆ ತಂದೆಯ ಜೊತೆ ಹೋಗಿ ನೋಡಿ. ಲಾಟಿನೊಳಗೆ, ಅಂದರೆ ರೈತ ಹರಾಜಿಗಿಟ್ಟ ಗೂಡಿನ ರಾಶಿಯೊಳಗೆ, ಮೊಣಕೈವರೆಗೆ ಕೈ ಇಳಿಸಿ ತಳದ ಗೂಡು ಎತ್ತುತ್ತಾರೆ, ಯಾಕೆಂದರೆ ಮೇಲಿನದು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಎರಡು ಬೆರಳಿನಲ್ಲಿ ಒತ್ತಿ ಗಟ್ಟಿ ನೋಡುತ್ತಾರೆ, ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಹುಳು ಸತ್ತು ಕರಗಿದ್ದರೆ ಸದ್ದೇ ಬೇರೆ. ಇಷ್ಟನ್ನೆಲ್ಲ ಕೆಲವೇ ನಿಮಿಷದಲ್ಲಿ ಮನಸ್ಸಿನಲ್ಲೇ ರೆಂಡಿಟ್ಟಾ ಆಗಿ ಗುಣಿಸಿ ಮೊಬೈಲಿನಲ್ಲಿ ದರ ಒತ್ತಬೇಕು. ಅದೇ ಲಾಟಿನ ಮೇಲೆ ಇನ್ನೂ ಹತ್ತಾರು ರೀಲರ್‌ಗಳ ಕಣ್ಣಿರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅಂದು ಗೂಡು ಸಿಗಲೇಬೇಕು: ಮುಂಗಡ ಪಡೆದ ಕೆಲಸಗಾರರು ಘಟಕದಲ್ಲಿ ಕಾಯುತ್ತಿರುತ್ತಾರೆ, ಬಡ್ಡಿ ಓಡುತ್ತಿರುತ್ತದೆ. ಚಿಟ್ಟೆ ಗೂಡು ಕೊರೆದು ಬಿಟ್ಟರೆ ನೂಲಿಗೆ ಬಾರದು, ಹಾಗಾಗಿ ರೈತನಿಗೂ ಅವಸರವೇ. ಆದರೂ ದರ ಒಪ್ಪಿಗೆಯಾಗದಿದ್ದರೆ ಅವನು ಬೇಡ ಅನ್ನಬಹುದು. ನಿಮ್ಮ ತಂದೆಗೂ ಹಾಗೆ ಬೇಡ ಅಂದು ಮನೆಗೆ ಬರುವ ಶಕ್ತಿ ಇದೆಯೇ? ಪೋರ್ಟರ್ ಪಾಠವನ್ನು ನಿಮ್ಮ ಘಟಕಕ್ಕೆ ಹಚ್ಚಿದರೆ ಬರುವ ಮೊದಲ ಪ್ರಶ್ನೆ ಇದು.

ನೂಲು ಮಾರುವಾಗಲೂ ಇದೇ ಕಥೆ. ಕೊಳ್ಳುವ ವ್ಯಾಪಾರಿಗಳು ಕಡಿಮೆ, ಮಾರುವವರು ಬಹಳ, ಹಣ ಬರುವುದು ತಡ. ನಾಳೆಯ ಗೂಡಿಗೆ ದುಡ್ಡು ಬೇಕೆಂದು ಇಂದೇ ನೂಲು ಬಿಡುವವನಿಗೆ ವ್ಯಾಪಾರಿ ಹೇಳಿದ್ದೇ ದರ. ಅದರ ಮೇಲೆ ಚೀನಾ ನೂಲು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದಾಗ ನೂಲು ಸ್ಟಾಕು ಮಾಡಿಕೊಂಡಿದ್ದವರ ಗತಿ ಏನಾಯಿತೆಂದು ತಂದೆಯನ್ನು ಕೇಳಿ. 2021ರಲ್ಲಿ ಶೇ 10 ಇದ್ದದ್ದು ಶೇ 15 ಆಯಿತು. ಸುಂಕ ಏರಿದ ಲಾಭ ರೀಲರ್ ಕೈಯಲ್ಲಿ ಬಹಳ ದಿನ ನಿಲ್ಲುವುದಿಲ್ಲ, ಏಕೆಂದರೆ ನೂಲಿಗೆ ನೂರು ಹೆಚ್ಚು ಸಿಕ್ಕರೆ ಎಲ್ಲ ರೀಲರ್‌ಗಳೂ ಪೈಪೋಟಿಯಲ್ಲಿ ಗೂಡಿನ ದರ ಏರಿಸುತ್ತಾರೆ. ರೈತನಿಗೆ ಸಿಗುವುದು ಸಿಗಲಿ, ಅದು ಅವನ ಬೆವರು. ಆದರೆ ಸುಂಕ ಏರಿದ ಖುಷಿಯಲ್ಲಿ ಸಾಲಕ್ಕೆ ಸಹಿ ಹಾಕಬೇಡಿ. ಬದಲಿ ಸರಕಾದ ಪಾಲಿಯೆಸ್ಟರ್ ಸೀರೆಯ ಮಾತು ಇಲ್ಲಿ ಬೆಳೆಸುವುದಿಲ್ಲ. ಮದುವೆಗೆ ರೇಷ್ಮೆ ಕೊಳ್ಳುವವರು ಕೊಂಡೇ ಕೊಳ್ಳುತ್ತಾರೆ.

ಈಗ ಯಂತ್ರದ ವಿಷಯ. ಅಣ್ಣನ ಮಾತಿನಲ್ಲಿ ಹುರುಳಿದೆ. ದ್ವಿತಳಿ (ಬೈವೋಲ್ಟೈನ್) ಎಂಬ ಉತ್ತಮ ಜಾತಿಯ ಹುಳುವಿನ ಗೂಡಿನಿಂದ ಆ ಯಂತ್ರದಲ್ಲಿ ತೆಗೆದ ನೂಲು ಒಂದೇ ಸಮ ಇರುತ್ತದೆ, ಪವರ್‌ಲೂಮಿನಲ್ಲಿ ಹಾಸು ಎಳೆಯಾಗಿ, ಅಂದರೆ ಬಟ್ಟೆಯ ಉದ್ದದ ಎಳೆಯಾಗಿ, ಹಾಕಿದರೂ ತಡೆಯುತ್ತದೆ. ಚೀನಾ ನೂಲು ಹಿಡಿದುಕೊಂಡಿರುವ ಜಾಗವೂ ಅದೇ. ಸಾಮಾನ್ಯ ಮಿಶ್ರತಳಿ ಹುಳುವಿನ ಗೂಡಿನಿಂದ ತೆಗೆದ ಬೇಸಿನ್ ನೂಲು ಹೆಚ್ಚಾಗಿ ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಹೋಗುತ್ತದೆ, ಅದನ್ನು ಮಾಡುವವರು ಬೀದಿಗೊಬ್ಬರು. ಲೈಸೆನ್ಸು, ಒಂದಿಷ್ಟು ಬಂಡವಾಳ ಇದ್ದರೆ ಬೇಸಿನ್ ಯಾರು ಬೇಕಾದರೂ ಹಾಕಬಹುದು. ಆಟೋಮ್ಯಾಟಿಕ್ ಯಂತ್ರವನ್ನು ಹಾಗೆ ಹಾಕಲಾಗದು, ಆದ್ದರಿಂದ ಅಲ್ಲಿ ಪೈಪೋಟಿ ಕಡಿಮೆ.

ಆದರೆ ಆ ಯಂತ್ರ ದಿನಕ್ಕೆ ನೂರಾರು ಕಿಲೋ ಗೂಡು ಬೇಡುತ್ತದೆ. ಕೈಯಿಂದ ಚರಕ ತಿರುಗಿಸಿ ನೂಲು ತೆಗೆಯುವವನು ದರ ಏರಿತೆಂದು ಒಂದು ದಿನ ಸುಮ್ಮನಿರಬಹುದು. ಕಂತು ಕಟ್ಟಬೇಕಾದವನು ಇರಲಾರ. ಯಂತ್ರ ನಿಲ್ಲಬಾರದೆಂದು ಹೆಚ್ಚು ದರಕ್ಕೆ ಹಿಡಿದು, ಕಂತು ತಪ್ಪಬಾರದೆಂದು ನೂಲನ್ನು ಕಡಿಮೆಗೆ ಬಿಟ್ಟು, ಒಳ್ಳೆಯ ನೂಲು ತೆಗೆಯುವವರೇ ಸೋತದ್ದನ್ನು ನಾನು ಕಂಡಿದ್ದೇನೆ. ಬೇಡ ಅನ್ನುವ ಶಕ್ತಿ ಇಲ್ಲದವನ ಕೈಗೆ ಯಂತ್ರ ಬಂದರೆ ಇದ್ದ ಅಲ್ಪ ಶಕ್ತಿಯೂ ಹೋಗುತ್ತದೆ.

ನಾನಾಗಿದ್ದರೆ ಈ ವರ್ಷ ಯಂತ್ರದ ಸಾಲ ಕೇಳುತ್ತಿರಲಿಲ್ಲ, ದುಡಿಯುವ ಬಂಡವಾಳ ಕೇಳುತ್ತಿದ್ದೆ. ಹದಿನೈದು ದಿನ ನೂಲು ಮಾರದೆ ತಡೆಯುವಷ್ಟು ಹಣ ಕೈಯಲ್ಲಿದ್ದರೆ ವ್ಯಾಪಾರಿಯ ಜೊತೆ ಮಾತಿನ ಧಾಟಿಯೇ ಬದಲಾಗುತ್ತದೆ. ರೇಷ್ಮೆ ಮಾರಾಟ ಮಂಡಳಿಯಲ್ಲಿ ನೂಲು ಅಡವಿಟ್ಟು ಮುಂಗಡ ಪಡೆಯುವ ಅವಕಾಶ ಈಗ ಇದೆಯೇ ವಿಚಾರಿಸಿ. ನೀವು ಎಂ.ಕಾಂ. ಓದುತ್ತಿರುವವರು, ಇಂದಿನಿಂದಲೇ ಪ್ರತಿ ಲಾಟಿಗೂ ಒಂದು ಸಾಲು ಬರೆಯಿರಿ: ಹಿಡಿದ ದರ, ತಂದೆ ಅಂದಾಜಿಸಿದ ರೆಂಡಿಟ್ಟಾ, ನಿಜವಾಗಿ ಬಂದ ರೆಂಡಿಟ್ಟಾ, ನೂಲು ಹೋದ ದರ, ಹಣ ಕೈಗೆ ಬಂದ ದಿನ. ಅಣ್ಣ ಅಷ್ಟರಲ್ಲಿ ದ್ವಿತಳಿ ಬೆಳೆಯುವ ರೈತರನ್ನು, ಹಾಸಿನ ನೂಲು ಕೊಳ್ಳುವ ನೇಕಾರರನ್ನು ಹುಡುಕಲಿ. ಗೂಡು ಕೊಡುತ್ತೇವೆ, ನೂಲು ಕೊಳ್ಳುತ್ತೇವೆ ಅನ್ನುವವರು ಎರಡೂ ಕಡೆ ಸಿಕ್ಕ ಮೇಲೆ ಆ ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗಿ. ಯಂತ್ರದ ಸಾಲ, ಗೂಡು ಕೊಳ್ಳುವ ಸಾಲ ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಿ.