ಹೈವೇಗೆ ಬಂದರೆ ಕಾರಿನ ಟೆಂಪರೇಚರ್ ಮುಳ್ಳು ಇಳಿಯುತ್ತದೆ, ಸೆನ್ಸರ್ ಬದಲಿಸಬೇಕಾ?

ಸೆನ್ಸರ್‌ಗೆ ಈಗಲೇ ದುಡ್ಡು ಹಾಕಬೇಡಿ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವಾಗ ಮುಳ್ಳು ಅರ್ಧದ ಹತ್ತಿರ ಬರುತ್ತದೆ, ಹಾಸನದ ಹೈವೇ ಹಿಡಿದ ಮೇಲೆ ಕೆಳಗಿಳಿಯುತ್ತದೆ, ಮೈಲೇಜೂ ಕಡಿಮೆಯಾಗಿದೆ ಅಂದಿದ್ದೀರಿ. ಸೆನ್ಸರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಸಿಟಿಯಲ್ಲೂ ತಪ್ಪೇ ತೋರಿಸುತ್ತಿತ್ತು. ನಿಮ್ಮ ಕಾರಿನಲ್ಲಿ ಗಾಳಿ ಜೋರಾಗಿ ಬಡಿದಾಗ ಮಾತ್ರ ಎಂಜಿನ್ ತಣ್ಣಗಾಗುತ್ತಿದೆ. ಅಂದರೆ ಎಂಜಿನ್ ತಂಪು ಮಾಡುವ ದ್ರವ (ಕೂಲಂಟ್) ಯಾವಾಗಲೂ ಅದನ್ನು ಗಾಳಿಗೆ ಆರಿಸುವ ರೇಡಿಯೇಟರ್ ಕಡೆಗೇ ಹರಿಯುತ್ತಿದೆ. ನನ್ನ ಅನುಮಾನ ಥರ್ಮೋಸ್ಟಾಟ್ ವಾಲ್ವ್ ಮೇಲೆ.

ಆ ವಾಲ್ವ್ ಒಳಗೆ ಮೇಣ ತುಂಬಿದ ಸಣ್ಣ ಗುಳಿಗೆ ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ವಾಲ್ವ್ ಮುಚ್ಚಿರುತ್ತದೆ, ಕೂಲಂಟ್ ರೇಡಿಯೇಟರ್‌ಗೆ ಹೋಗದೆ ಎಂಜಿನ್ ಸುತ್ತಲೇ ತಿರುಗುತ್ತದೆ. ಹೆಚ್ಚಿನ ಕಾರುಗಳಲ್ಲಿ 82ರಿಂದ 88 ಡಿಗ್ರಿ ಆಸುಪಾಸಿಗೆ ಬಂದಾಗ ಮೇಣ ಕರಗಿ ಹಿಗ್ಗುತ್ತದೆ, ವಾಲ್ವ್ ತೆರೆಯುತ್ತದೆ. ಕಸ ಸಿಕ್ಕಿಕೊಂಡರೆ, ಸ್ಪ್ರಿಂಗ್ ಸೋತರೆ ಅದು ತೆರೆದೇ ಉಳಿದುಬಿಡುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ, ಎಸಿ ಆಫ್ ಇರಲಿ. ರೇಡಿಯೇಟರ್‌ನ ಮೇಲಿನ ದಪ್ಪ ಹೋಸ್ ಮುಟ್ಟಿ ನೋಡುತ್ತಿರಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಕೈ ಅದರಿಂದ ದೂರ ಇರಲಿ. ವಾಲ್ವ್ ಸರಿ ಇದ್ದರೆ ಹೋಸ್ ತುಂಬಾ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೂ ಎಂಜಿನ್ ಜೊತೆ ನಿಧಾನಕ್ಕೆ ಬಿಸಿಯಾಗುತ್ತಾ ಬಂದರೆ ವಾಲ್ವ್ ತೆರೆದುಕೊಂಡಿದೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಕೆಳಗಿನ ಹೋಸ್ ಕಡೆ ಇರುತ್ತದೆ, ಅಂಥದ್ದರಲ್ಲಿ ಕೆಳಗಿನದನ್ನೇ ನೋಡಬೇಕು.

ಸೆನ್ಸರ್ ಬಗ್ಗೆ ಅನುಮಾನ ಉಳಿಯಬಾರದು ಅಂದರೆ ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಕಾರಿಗೆ ಸಿಕ್ಕಿಸಿ ಎಂಜಿನ್ ಮಾಹಿತಿಯನ್ನು ಫೋನಿನಲ್ಲಿ ನೋಡುವ ಸಣ್ಣ ಸಾಧನ) ತೆಗೆದುಕೊಳ್ಳಿ. ಸ್ಟಾರ್ಟ್ ಮಾಡುವ ಮೊದಲು ಬರೀ ಇಗ್ನಿಷನ್ ಆನ್ ಮಾಡಿ ಕೂಲಂಟ್ ಟೆಂಪರೇಚರ್ ನೋಡಿ. ಹೊರಗಿನ ಗಾಳಿ 22 ಡಿಗ್ರಿ ಇದ್ದಾಗ ಅದೂ ಹತ್ತಿರ ಹತ್ತಿರ 22 ತೋರಿಸಬೇಕು. ಅದು ಸರಿಯಿದ್ದು, ಹೈವೇನಲ್ಲಿ 60-70ಕ್ಕೆ ಇಳಿಯುತ್ತಿದ್ದರೆ ವಾಲ್ವ್ ತಪ್ಪೇ. ಸ್ಕ್ಯಾನರ್‌ನಲ್ಲಿ ಪಿ0128 ಕೋಡ್ (ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಅನ್ನುವ ದೋಷ ಸಂಕೇತ) ಬಂದಿದ್ದರೂ ಅದು ಇದೇ ದಿಕ್ಕಿಗೆ ಬೊಟ್ಟು ಮಾಡುತ್ತದೆ. ಹಾಗೇ ಕೂಲಂಟ್ ಮಟ್ಟವನ್ನೂ ನೋಡಿ. ಕಡಿಮೆಯಾಗಿದ್ದರೆ ಸೆನ್ಸರ್ ತುದಿ ಗಾಳಿಯಲ್ಲಿ ನಿಂತು ತಪ್ಪು ಲೆಕ್ಕ ಕೊಡುತ್ತದೆ.

ಇನ್ನೊಂದು ಮಾತು. ನೀವು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರೆ ಒಳಗೆ ವಾಲ್ವ್ ಇದೆಯಾ ಅಂತ ಮೊದಲು ನೋಡಿಸಿ. ನಾನು ಕೊಂಡ ಹಳೇ ಕಾರಿನಲ್ಲಿ ವಾಲ್ವ್ ಕೂರುವ ಹೌಸಿಂಗ್ ಖಾಲಿ ಇತ್ತು. ಸೆಕೆ ಜಾಸ್ತಿ ಇರುವ ಊರಿಗೆ ವಾಲ್ವ್ ಬೇಡ, ಓವರ್‌ಹೀಟ್ ಆಗುವುದಿಲ್ಲ ಅಂತ ಕೆಲವರು ಅದನ್ನು ಕಿತ್ತುಹಾಕುತ್ತಾರೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಜಾಸ್ತಿ ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಸುಡದ ಪೆಟ್ರೋಲ್ ಆಯಿಲ್ ಜೊತೆ ಸೇರಿ ಅದನ್ನು ತೆಳುವಾಗಿಸುತ್ತದೆ. ಆಯಿಲ್‌ನಲ್ಲಿರುವ ನೀರಿನಂಶ ಆವಿಯಾಗದೆ ಆಯಿಲ್ ಕ್ಯಾಪ್ ಒಳಗೆ ಕೆನೆಯಂಥ ಜಿಡ್ಡು ಕಟ್ಟುತ್ತದೆ. ಎಂಜಿನ್ ಸವೆತ ಹೆಚ್ಚುತ್ತದೆ. ಓವರ್‌ಹೀಟ್ ಆಗುತ್ತಿದ್ದರೆ ಅದರ ಕಾರಣ ರೇಡಿಯೇಟರ್, ಫ್ಯಾನ್, ಪಂಪ್‌ನಲ್ಲಿ ಹುಡುಕಬೇಕು, ಅಲ್ವಾ?

ಫ್ಯಾನ್ ಯಾವಾಗಲೂ ತಿರುಗುತ್ತಲೇ ಇರುವಂತೆ ಅದರ ವೈರನ್ನು ಯಾರಾದರೂ ಡೈರೆಕ್ಟ್ ಮಾಡಿದ್ದರೂ ಎಂಜಿನ್ ಬಿಸಿಯಾಗಲು ತಡವಾಗುತ್ತದೆ. ಆದರೆ ಆಗ ಸಿಗ್ನಲ್‌ನಲ್ಲೂ ಮುಳ್ಳು ಮೇಲೇರುವುದು ಕಷ್ಟ, ಹಾಗಾಗಿ ನಿಮ್ಮದು ಅದಲ್ಲ ಅನಿಸುತ್ತದೆ.

ಹೊಸ ವಾಲ್ವ್ ತರುವಾಗ ಕಂಪನಿ ಹೇಳಿದ ಡಿಗ್ರಿಯದ್ದನ್ನೇ ತನ್ನಿ, ಗ್ಯಾಸ್ಕೆಟ್ ಕೂಡ ಹೊಸದೇ ಇರಲಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ರೇಡಿಯೇಟರ್ ಕ್ಯಾಪ್ ತೆಗೆಯಬೇಕು. ಕೂಲಂಟ್ ತುಂಬಿದ ಮೇಲೆ ಒಳಗಿನ ಗಾಳಿ ಪೂರ್ತಿ ತೆಗೆಸಿ. ಮಾರನೇ ದಿನ ಬೆಳಗ್ಗೆ ಮಟ್ಟ ಇಳಿದಿದ್ದರೆ ಮತ್ತೆ ಸ್ವಲ್ಪ ಹಾಕಿ.