ಇಲ್ಲದ ರಾಜನ ತಲೆ

ಓದುಗರ ಪತ್ರ: ‘ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು’ ಎಂಬ ವಾಕ್ಯ ಸುಳ್ಳು ಎಂದು ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಹೇಳಿದ್ದನ್ನು ಕಳೆದ ಸಂಚಿಕೆಯಲ್ಲಿ ಓದಿದೆ. ಹಾಗಾದರೆ ‘ಬೋಳುತಲೆಯವನಲ್ಲ’ ಎಂಬುದು ನಿಜವಾಗಬೇಕಲ್ಲವೇ? ರಾಜನೇ ಇಲ್ಲದ ಮೇಲೆ ಅದು ಹೇಗೆ?

ಸಂಪಾದಕರ ಉತ್ತರ: ನೀವು ಕೈಯಿಟ್ಟಿರುವುದು ಸರಿಯಾದ ಗಂಟಿಗೇ. 1905ರಲ್ಲಿ ‘ಮೈಂಡ್’ ಎಂಬ ತತ್ವಶಾಸ್ತ್ರದ ಪತ್ರಿಕೆಗೆ ಬರೆದ ಲೇಖನದಲ್ಲಿ ರಸೆಲ್ ಇದೇ ಒಗಟನ್ನು ತಾನೇ ಮುಂದಿಟ್ಟಿದ್ದ. ಫ್ರಾನ್ಸ್ ಆಗಲೇ ಗಣರಾಜ್ಯ. ಬೋಳುತಲೆಯವರ ಪಟ್ಟಿಯಲ್ಲಿ ಹುಡುಕಿದರೂ ರಾಜ ಸಿಗುವುದಿಲ್ಲ, ಉಳಿದವರ ಪಟ್ಟಿಯಲ್ಲೂ ಸಿಗುವುದಿಲ್ಲ. ಎರಡು ವಿರುದ್ಧಗಳನ್ನು ಬೆಸೆಯಲು ಇಷ್ಟಪಡುವ ಹೆಗೆಲ್‌ವಾದಿಗಳಾದರೆ ಅವನು ವಿಗ್ ಹಾಕಿಕೊಂಡಿದ್ದಾನೆ ಎಂದುಬಿಟ್ಟಾರು ಎಂದು ಕುಟುಕಿಯೂ ಇದ್ದಾನೆ.

‘ಫ್ರಾನ್ಸಿನ ಈಗಿನ ರಾಜ’ ಎಂಬುದು ಹೆಸರಿನಂತೆ ಕಾಣುತ್ತದೆ, ಆದರೆ ಹೆಸರಲ್ಲ ಎಂಬುದು ಅವನ ವಾದ. ವಾಕ್ಯವನ್ನು ಬಿಚ್ಚಿದರೆ ಮೂರು ಮಾತು ಸಿಗುತ್ತವೆ: ಫ್ರಾನ್ಸಿಗೆ ಈಗ ರಾಜನಿದ್ದಾನೆ, ಒಬ್ಬನಿಗಿಂತ ಹೆಚ್ಚಿಲ್ಲ, ಅವನು ಯಾರೇ ಆಗಿರಲಿ, ಬೋಳುತಲೆಯವನು. ಮೂರೂ ನಿಜವಾದರೆ ಮಾತ್ರ ವಾಕ್ಯ ನಿಜ. ಇಲ್ಲಿ ಮೊದಲನೆಯದೇ ಬಿದ್ದುಹೋಗಿದೆ.

ಈಗ ನಿಷೇಧವನ್ನು, ಅಂದರೆ ‘ಅಲ್ಲ’ ಎಂಬುದನ್ನು, ಎಲ್ಲಿ ಇಡುತ್ತೀರಿ? ಮೂರನೆಯ ಮಾತಿನೊಳಗೆ ಇಟ್ಟರೆ ‘ರಾಜನಿದ್ದಾನೆ, ಒಬ್ಬನೇ, ಅವನು ಬೋಳುತಲೆಯವನಲ್ಲ’ ಎಂದಾಗುತ್ತದೆ. ಅದೂ ಸುಳ್ಳೇ. ಮೂರಕ್ಕೂ ಹೊರಗಿಟ್ಟರೆ ‘ಈ ಮೂರೂ ಸೇರಿ ನಿಜ ಎಂಬುದು ಸರಿಯಲ್ಲ’ ಎಂದಾಗುತ್ತದೆ. ಇದು ನಿಜ, ಮೂಲವಾಕ್ಯಕ್ಕೆ ವಿರುದ್ಧವಾದ ಮಾತೂ ಇದೇ. ನೀವು ನಿಷೇಧವನ್ನು ಒಳಗಿಟ್ಟ ಅರ್ಥವನ್ನು ಹಿಡಿದಿರಿ, ಅದಕ್ಕೇ ತೊಡಕು.

ನಮ್ಮಲ್ಲಿ ‘ಅಲ್ಲ’, ‘ಇಲ್ಲ’ ಬೇರೆಬೇರೆ ಇರುವುದರಿಂದ ಕನ್ನಡಿಗರಿಗೆ ಇದು ಬೇಗ ಹೊಳೆಯಬೇಕು: ‘ರಾಜ ಬೋಳುತಲೆಯವನಲ್ಲ’ ಒಂದು, ‘ಬೋಳುತಲೆಯ ರಾಜ ಅಂತ ಯಾರೂ ಇಲ್ಲ’ ಇನ್ನೊಂದು. ಹಾಗಂತ ಪದ ನೋಡಿಯೇ ತೀರ್ಮಾನಿಸಬೇಡಿ. ‘ರಾಜ ಬೋಳುತಲೆಯವನು ಎಂಬುದು ನಿಜವಲ್ಲ’ ಎಂಬಲ್ಲಿ ‘ಅಲ್ಲ’ವೇ ಹೊರಗೆ ನಿಂತಿದೆ.

ನಾವು ಎಡವುವುದು ಆ ಮೂರರಲ್ಲಿ ಎರಡನೆಯ ಮಾತಿನಲ್ಲಿ, ‘ಒಬ್ಬನಿಗಿಂತ ಹೆಚ್ಚಿಲ್ಲ’ ಎಂಬಲ್ಲಿ. ಇಂಥದೊಂದೇ ಎಂದು ಸೂಚಿಸುವ ಇಂಗ್ಲಿಷಿನ ‘ದಿ’ (the) ನಮ್ಮಲ್ಲಿಲ್ಲ. ‘ರಾವಣನ ತಮ್ಮ ರಾಮನ ಪಕ್ಷ ಸೇರಿದ’ ಎಂದರೆ ವಿಭೀಷಣ ಎಂದು ಸಲೀಸಾಗಿ ಓದಿಕೊಳ್ಳುತ್ತೇವೆ. ಕುಂಭಕರ್ಣನೂ ತಮ್ಮನೇ! ಇಲ್ಲಿ ‘ದಿ’ ಹಚ್ಚಿ ರಸೆಲ್‌ನ ಲೆಕ್ಕ ಹಾಕಿದರೆ ಒಬ್ಬನಿಗಿಂತ ಹೆಚ್ಚು ತಮ್ಮಂದಿರಿರುವುದರಿಂದ ಆ ವಾಕ್ಯ ಸುಳ್ಳಾಗುತ್ತದೆ.

‘ರಾಜನೇ ಇಲ್ಲದ ಮೇಲೆ’ ಎಂಬ ನಿಮ್ಮ ಹಿಂಜರಿಕೆಗೆ ಒಬ್ಬ ಜೊತೆಗಾರನಿದ್ದಾನೆ. ಇಂಥ ಮಾತಿನಲ್ಲಿ ನಿಜ–ಸುಳ್ಳಿನ ಪ್ರಶ್ನೆಯೇ ಏಳುವುದಿಲ್ಲ ಎಂದು ತತ್ವಜ್ಞಾನಿ ಪಿ. ಎಫ್. ಸ್ಟ್ರಾಸನ್ 1950ರಲ್ಲಿ, ಅದೇ ‘ಮೈಂಡ್’ನಲ್ಲಿ, ರಸೆಲ್‌ನನ್ನು ಖಂಡಿಸಿದ. ಆಡುಮಾತಿನ ಮಟ್ಟಿಗೆ ಸ್ಟ್ರಾಸನ್ ಹೇಳಿದ್ದು ನಮಗೂ ಹಿಡಿಸುತ್ತದೆ. ಆದರೆ ‘ಫ್ರಾನ್ಸಿಗೆ ಈಗ ರಾಜನಿಲ್ಲ’ ಎಂಬ ಸರಳ ಸತ್ಯ ಯಾರ ಬಗ್ಗೆ ಎಂದು ಕೇಳಿದರೆ, ಯಾರ ಬಗ್ಗೆಯೂ ಅಲ್ಲ ಎನ್ನುವ ರಸೆಲ್‌ನ ಉತ್ತರವೇ ಹೆಚ್ಚು ನೇರ.