ಮಳೆ ಬರದ ದಿನ ಸೊನ್ನೆ, ನೋಡದ ದಿನ ಖಾಲಿ

ಮನೆಯಲ್ಲೇ ಮಕ್ಕಳಿಗೆ ಕಲಿಸುತ್ತಿರುವ ಓದುಗರ ಪ್ರಶ್ನೆಗಳಿಗೆ ಕೊಪ್ಪಳದ ನಿವೃತ್ತ ಗಣಿತ ಶಿಕ್ಷಕಿಯೊಬ್ಬರ ಉತ್ತರ

ಪ್ರಶ್ನೆ: ಮಗಳಿಗೆ 9 ವರ್ಷ. ಕಳೆದ ಜೂನ್‌ನಿಂದ ಮನೆಯಲ್ಲೇ ಓದಿಸುತ್ತಿದ್ದೇವೆ. ಸೃಜನಶೀಲ ದಿನಚರಿ ಒಳ್ಳೆಯದೆಂದು ಕೇಳಿ ದುಬಾರಿ ಡೈರಿ, ಸ್ಟಿಕ್ಕರ್, ಬಣ್ಣದ ಟೇಪು ತರಿಸಿದೆ. ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ಪುಟ ಓದಿದಳು, ಎಷ್ಟು ಲೋಟ ನೀರು ಕುಡಿದಳು ಅಂತ ದಿನಾ ತುಂಬಬೇಕು. ಹದಿನೈದು ದಿನ ತುಂಬಿದಳು. ಈಗ ಡೈರಿ ಮುಟ್ಟುವುದಿಲ್ಲ, ರಾತ್ರಿ ನಾನೇ ಕೂತು ತುಂಬುತ್ತೇನೆ. ರೂಢಿ ಮಾಡಿಸುವುದು ಹೇಗೆ? (ತಾಯಿ, ಗಂಗಾವತಿ)

ಉತ್ತರ: ಮೊದಲು ನೀವು ತುಂಬುವುದನ್ನು ಇವತ್ತೇ ನಿಲ್ಲಿಸಿ. ನೋಡದೆ ಬರೆದ ಅಂಕಿ ಸುಳ್ಳು, ಅದು ಸುಳ್ಳೆಂದು ನಿಮ್ಮ ಮಗಳಿಗೂ ಗೊತ್ತು.

ಇದೇ ಪ್ರಶ್ನೆ ಊರು ಬದಲಿಸಿಕೊಂಡು ನನಗೆ ಬರುತ್ತಲೇ ಇದೆ, ಪ್ರತಿ ಸಲವೂ ಸಿಟ್ಟು ಬರುತ್ತದೆ. ಆ ಡೈರಿಯ ಕಾಲಂಗಳನ್ನು ಒಮ್ಮೆ ನೋಡಿ. ಎದ್ದ ಹೊತ್ತು, ಓದಿದ ಪುಟ, ಕುಡಿದ ನೀರು. ಎಲ್ಲದರಲ್ಲೂ ಅಳತೆಗೆ ಸಿಕ್ಕವಳು ಮಗಳೇ. ಶಾಲೆ ಬಿಡಿಸಿ ಹಾಜರಿ ಪುಸ್ತಕವನ್ನು ಮಾತ್ರ ಮನೆಗೆ ತಂದುಕೊಂಡಿದ್ದೀರಿ. ಸ್ಕೇಲು ಅವಳ ಕೈಗೆ ಕೊಡಿ. ಅವಳು ಹೊರಗಿನದನ್ನು ಅಳೆಯಲಿ, ಅದೂ ಉತ್ತರ ನಿಮಗೂ ಗೊತ್ತಿಲ್ಲದ್ದನ್ನು.

ನಮ್ಮ ಭಾಗದಲ್ಲಿ ಮಳೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ತಂಪು ಪಾನೀಯದ ದೊಡ್ಡ ಬಾಟಲಿಯ ಕತ್ತನ್ನು ಕತ್ತರಿಸಿ, ಅದನ್ನೇ ಬೋರಲು ಹಾಕಿ ಲಾಳಿಕೆ ಮಾಡಿ. ಬಾಟಲಿಯ ಮೈ ನೆಟ್ಟಗಿರಬೇಕು. ತಳ ಉಬ್ಬುತಗ್ಗಾಗಿರುತ್ತದೆ, ಆದ್ದರಿಂದ ನೆಟ್ಟಗಿನ ಭಾಗ ಶುರುವಾಗುವವರೆಗೆ ನೀರು ಹಾಕಿ ಅಲ್ಲಿ ಗೆರೆ ಎಳೆಯಿರಿ. ಅದೇ ಸೊನ್ನೆ. ನಮ್ಮ ಬಿಸಿಲಿಗೆ ಆ ನೀರು ಆರುತ್ತದೆ, ದಿನವೂ ಗೆರೆಗೆ ಸಮ ಮಾಡಬೇಕು. ಇದನ್ನು ಮರೆತವರೇ ಹೆಚ್ಚು. ಮಾಳಿಗೆಯ ಮೇಲೆ, ಗೋಡೆಯಿಂದ ದೂರ ಇಟ್ಟು, ಗೆರೆಯಿಂದ ನೀರು ಎಷ್ಟು ಮಿ.ಮೀ. ಏರಿದೆ ಎಂದು ಬೆಳಗ್ಗೆ 8.30ಕ್ಕೆ ಸ್ಕೇಲು ಹಿಡಿದು ನೋಡಲಿ. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದೂ ಆ ಹೊತ್ತಿಗೇ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ನಿಮ್ಮ ಮಾಳಿಗೆಯ ಮೇಲೆ ಎಷ್ಟು ಕೊಡ ಬಿತ್ತೆಂದು ಅವಳೇ ಹೇಳಲಿ, ಒಂದು ಕೊಡಕ್ಕೆ ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದನ್ನೂ ಅವಳೇ ಅಳೆಯಲಿ.

2024ರ ಆಗಸ್ಟ್‌ನಲ್ಲಿ ಕೊಪ್ಪಳದ ಹತ್ತಿರದ ಹಳ್ಳಿಯ ಹತ್ತು ವರ್ಷದ ಹುಡುಗಿಯೊಬ್ಬಳು ಹೀಗೆ ಬರೆದ ಪುಟ ಈಗಲೂ ನನ್ನ ಕಣ್ಣ ಮುಂದಿದೆ. ಅವಳು ಅಂಗಳದ ಚುಕ್ಕಿ ರಂಗೋಲಿಯನ್ನೇ ಪುಟಕ್ಕೆ ಇಳಿಸಿದ್ದಳು. ಸಾಲಿಗೆ ಏಳು ಚುಕ್ಕಿ, ದಿನಕ್ಕೊಂದು. ಮಳೆ ಹೆಚ್ಚಿದಷ್ಟೂ ಚುಕ್ಕಿಯ ಸುತ್ತ ಎಸಳು ಹೆಚ್ಚು, ಯಾವ ಬಣ್ಣದ ಎಸಳಿಗೆ ಎಷ್ಟು ಮಿ.ಮೀ. ಎಂದು ಮೂಲೆಯಲ್ಲಿ ಬರೆದಿದ್ದಳು. ಮೊದಲ ವಾರವೇ ನನ್ನನ್ನು ಕೇಳಿದಳು: "ಟೀಚರ್, ಇವತ್ತ ಮಳಿ ಬಂದಿಲ್ಲ. ಏನ್ ಬರೀಲಿ?" ಸೊನ್ನೆ ಬರಿ ಅಂದೆ. ಪಂಚಮಿಗೆ ಅಜ್ಜಿ ಊರಿಗೆ ಹೋಗಿ ಐದು ದಿನ ಬಿಟ್ಟು ಬಂದಾಗ, ಆ ಐದು ಚುಕ್ಕಿಗೂ ಸೊನ್ನೆ ಬರೆಯಲು ಹೊರಟಳು. ಬೇಡ ಅಂದೆ. ಸೊನ್ನೆ ಎಂದರೆ ನೋಡಿದೆ, ಮಳೆ ಇರಲಿಲ್ಲ. ಖಾಲಿ ಎಂದರೆ ನಾನು ನೋಡಲೇ ಇಲ್ಲ. ಈ ಎರಡನ್ನೂ ಒಂದೇ ಮಾಡಿದರೆ ಲೆಕ್ಕವೆಲ್ಲ ಕೆಡುತ್ತದೆ. 26 ದಿನ ನೋಡಿ 78 ಮಿ.ಮೀ. ಸಿಕ್ಕಿತೆಂದುಕೊಳ್ಳಿ. 26ರಿಂದ ಭಾಗಿಸಿದರೆ ಸರಾಸರಿ 3 ಮಿ.ಮೀ. ನೋಡದ ದಿನಗಳಿಗೆ ಸೊನ್ನೆ ತುಂಬಿ 31ರಿಂದ ಭಾಗಿಸಿದರೆ 2.5. ಮಳೆ ಅಷ್ಟೇ ಇದ್ದರೂ ಲೆಕ್ಕ ಬೇರೆಯಾಯಿತು. ಆ ಐದು ಖಾಲಿ ಜಾಗದಲ್ಲಿ ಅವಳು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಬರೆದಳು, ಕೆಳಗೆ "ಅಜ್ಜಿ ಊರಾಗ ಇದ್ದೆ" ಅಂತ. ನೀವು ಸೃಜನಶೀಲ ಎನ್ನುವುದು ನನ್ನ ಮಟ್ಟಿಗೆ ಅದು.

ಆ ಖಾಲಿ ದಿನಗಳಲ್ಲೇ ಇನ್ನೊಂದು ನಡೆದುಹೋಗಿತ್ತು. ಅದೇ ನೋಟ್‌ಬುಕ್‌ನ ಇನ್ನೊಂದು ಪುಟದಲ್ಲಿ ಅವಳು ಪತ್ರಿಕೆ ನೋಡಿ ತುಂಗಭದ್ರಾ ಜಲಾಶಯದ ಮಟ್ಟ ಬರೆಯುತ್ತಿದ್ದಳು. ಗೆರೆ ಏರುತ್ತ, ಜಲಾಶಯ ಪೂರ್ತಿ ತುಂಬಿದಾಗಿನ ಮಟ್ಟವಾದ 1633 ಅಡಿಯ ಹತ್ತಿರ ಬಂದಿತ್ತು. ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ನೀರು ಹೊರಗೆ ನುಗ್ಗಿತು. ಅವಳು ಊರಿಂದ ಬಂದು ನೋಡಿದರೆ ಮಟ್ಟ ಇಳಿಯುತ್ತಿದೆ. ಅಂಕಿ ತಪ್ಪಾಗಿದೆ ಎಂದುಕೊಂಡಳು. ಹಳೆಯ ಪತ್ರಿಕೆ ಹುಡುಕಿ ಬಿಟ್ಟ ದಿನಗಳ ಮಟ್ಟವನ್ನು ಬೇರೆ ಬಣ್ಣದಲ್ಲಿ ತುಂಬಿದಳು, ಅದು ಪತ್ರಿಕೆಯಿಂದ ತೆಗೆದದ್ದು ಎಂದು ಪಕ್ಕದಲ್ಲಿ ಬರೆದಳು. ಜಲಾಶಯದ ಅಂಕಿ ಹೀಗೆ ಸಿಕ್ಕಿತು, ಅವಳ ಬಾಟಲಿಯ ಮಳೆ ಸಿಗಲಿಲ್ಲ. ಆಮೇಲೆ ಶುರುವಾಯಿತು ನಿಜವಾದ ಗಣಿತ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸುಮಾರು 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ. ಲಕ್ಷ ಕ್ಯುಸೆಕ್ ಹೊರಗೆ ಹೋದರೆ ದಿನಕ್ಕೆ ಎಷ್ಟು ಟಿಎಂಸಿ, ಅಪ್ಪನ ಎರಡನೇ ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ? ಆ ಭಾಗಾಕಾರ ಮಾಡೆಂದು ಅವಳಿಗೆ ಯಾರೂ ಹೇಳಲಿಲ್ಲ.

ಮನೆಯಲ್ಲಿ ಅಜ್ಜ ಇದ್ದರೆ ಮಳೆ ನಕ್ಷತ್ರಗಳನ್ನೂ ಸೇರಿಸಿ. ಒಂದೊಂದು ಹದಿಮೂರು ಹದಿನಾಲ್ಕು ದಿನ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅನ್ನುತ್ತಾರಲ್ಲ, ಮಘೆಯಲ್ಲಿ ನಿಮ್ಮ ಮಾಳಿಗೆಗೆ ಎಷ್ಟು ಬಂತು ಎಂದು ಮಗಳು ಅಜ್ಜನಿಗೆ ಓದಿ ಹೇಳಲಿ.

ಒಂದು ಸಲಕ್ಕೆ ಒಂದೇ ಅಳತೆ, ದಿನಕ್ಕೆ ಐದು ನಿಮಿಷ. ಬೇಸರವಾದರೆ ಬಿಡಲಿ, ಬಿಟ್ಟದ್ದನ್ನು ಖಾಲಿ ಇಡಲಿ.

ಪ್ರಶ್ನೆ: 12 ವರ್ಷದ ಮಗನ ದಿನದ ಮನಸ್ಥಿತಿಯನ್ನು ಬಣ್ಣದಲ್ಲಿ ಗುರುತಿಸುವ ಚಾರ್ಟು ಹಾಲ್‌ನಲ್ಲಿ ಹಾಕಿದ್ದೇವೆ. ಎಲ್ಲ ದಿನವೂ ಹಳದಿ, ಅಂದರೆ ಖುಷಿ. ನಂಬಬಹುದೇ? (ತಂದೆ, ಬಳ್ಳಾರಿ)

ಉತ್ತರ: ನಂಬಬೇಡಿ. ಚಾರ್ಟು ತೆಗೆಯಿರಿ. ಬಂದವರೆಲ್ಲ ನೋಡುವ ಗೋಡೆಯ ಮೇಲೆ ಯಾವ ಹುಡುಗನೂ ತನ್ನ ದುಃಖ ಬರೆಯುವುದಿಲ್ಲ. ನಾನು ಒಮ್ಮೆ ಒಬ್ಬ ವಿದ್ಯಾರ್ಥಿಯ ದಿನಚರಿ ಚೆಂದವಿದೆಯೆಂದು ತರಗತಿಯಲ್ಲಿ ಓದಿಬಿಟ್ಟೆ. ಅವನು ಆಮೇಲೆ ವರ್ಷಪೂರ್ತಿ ಬರೆದದ್ದು "ಎದ್ದೆ, ಶಾಲೆಗೆ ಬಂದೆ" ಅಷ್ಟೇ. ಆ ತಪ್ಪು ನನ್ನದು, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಮಳೆಯ ಪುಟ ಮನೆಮಂದಿಗೆಲ್ಲ, ಮನಸ್ಸಿನ ಪುಟ ಅವನಿಗೆ ಮಾತ್ರ. ಅದನ್ನು ಓದಬೇಡಿ, ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮಗ ಎರಡು ವಾರದಿಂದ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ ಬಣ್ಣ ಎಣಿಸುತ್ತ ಕೂರದೆ ವೈದ್ಯರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ಉಚಿತ.

ಪ್ರಶ್ನೆ: ಬೆರಳಚ್ಚು ತೆಗೆದು ಮಗುವಿನ ಕಲಿಕೆಯ ಶೈಲಿ ಹೇಳುತ್ತಾರಂತೆ. ಅದರ ಪ್ರಕಾರ ದಿನಚರಿ ಮಾಡಿಸಲೇ? (ಸಿಂಧನೂರು)

ಉತ್ತರ: ಬೆರಳ ಗೆರೆಗೂ ಬುದ್ಧಿಗೂ ಸಂಬಂಧವಿಲ್ಲ. ಅದು ಮೋಸ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಎನ್ನುವವರೂ ಮೂಗಿನ ಪಕ್ಕದ ಸಂದಿಯಿಂದ ನೋಡಿಸುತ್ತಾರೆ. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ಈ ದಿನಚರಿಗಳಿಗೆ ಪರೀಕ್ಷೆಯಲ್ಲಿ ಬೆಲೆ ಇದೆಯೇ? (ಮಾನ್ವಿ)

ಉತ್ತರ: ಅಂಕ ಸಿಗುವುದಿಲ್ಲ. 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೇ ತರಗತಿಗೆ ನೋಂದಾಯಿಸಿ.

ಪ್ರಶ್ನೆ: ಯಾವ ಆ್ಯಪ್ ಒಳ್ಳೆಯದು? (ಹಲವರು)

ಉತ್ತರ: ಚೌಕುಳಿ ಗೆರೆಯ ನೋಟ್‌ಬುಕ್.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಅಳೆಯಲು ಏನಿದೆ? (ರಾಯಚೂರು)

ಉತ್ತರ: ಮನೆಯ ಕರೆಂಟ್ ಮೀಟರ್ ಇದೆಯಲ್ಲ. ಅದರ ಮುಖದ ಮೇಲೆ ಮಿನುಗುವ ಕೆಂಪು ದೀಪದ ಪಕ್ಕ 3200 ಎಂದಿದ್ದರೆ, ಅಷ್ಟು ಸಲ ಮಿನುಗಿದಾಗ 1 ಯೂನಿಟ್. ನಿಮ್ಮ ಮೀಟರಿನ ಸಂಖ್ಯೆ ಬೇರೆ ಇರಬಹುದು, ಓದಿ ನೋಡಿ. ಮಗು ನಿಮ್ಮ ಜೊತೆ ನಿಂತು, ಮೀಟರನ್ನಾಗಲಿ ವೈರನ್ನಾಗಲಿ ಮುಟ್ಟದೆ, ಕೂಲರ್ ಹಚ್ಚಿ ಐದು ನಿಮಿಷ ಎಣಿಸಲಿ, ಆರಿಸಿ ಐದು ನಿಮಿಷ ಎಣಿಸಲಿ. ಎರಡರ ವ್ಯತ್ಯಾಸವೇ ಕೂಲರ್ ತಿಂದ ಕರೆಂಟು.